ತಂಗಿ ಸಣ್ಣಗಾದ ವರ್ಷ

ಲಿಗಾಯಾ ಮತ್ತು ಪುರಿಂಗ್ ಅವಳಿ ಅಕ್ಕತಂಗಿಯರು. ಹನ್ನೆರಡು ನಿಮಿಷ ಮೊದಲು ಹುಟ್ಟಿದ್ದಕ್ಕೆ ಲಿಗಾಯಾ ಅಕ್ಕ. ಸಾನ್ ಪಾಬ್ಲೊ ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ಅವರದು ಹೊಲಿಗೆ ಅಂಗಡಿ. ಪಕ್ಕದಲ್ಲಿ ನನ್ನದು ಗುಂಡಿ, ಜಿಪ್ಪು, ದಾರದ ಅಂಗಡಿ. ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಹತ್ತೊಂಬತ್ತು ವರ್ಷದಿಂದ ಆ ಗೋಡೆಯಾಚೆಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಹಾಗಾಗಿ ಲಿಗಾಯಾಳ ಹೊಟ್ಟೆಕಿಚ್ಚಿನ ಕಥೆ ನನಗೆ ಗೊತ್ತಿರುವಷ್ಟು ಅವಳ ಪಾದ್ರಿಗೂ ಗೊತ್ತಿಲ್ಲ.

ನಲವತ್ತೆಂಟನೆಯ ವಯಸ್ಸಿನಲ್ಲಿ ಇಬ್ಬರೂ ಎಂಬತ್ತೆಂಟು ಕಿಲೋ ಇದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ತಾಯಿ ಬಿಟ್ಟುಹೋದ ಮನೆಯಲ್ಲಿ ಒಟ್ಟಿಗೇ ಇದ್ದರು. ಮಕ್ಕಳು ಚಿಕ್ಕವರಿದ್ದಾಗ ಆ ತಾಯಿ ಅಕ್ಕಿಯ ಕಡುಬನ್ನು ಚಾಕುವಿನಿಂದ ಕೊಯ್ಯುತ್ತಿರಲಿಲ್ಲವಂತೆ. ಯಾರಿಗೂ ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗಬಾರದೆಂದು ಹೊಲಿಗೆ ದಾರ ಹಿಡಿದು ಕತ್ತರಿಸುತ್ತಿದ್ದಳಂತೆ. ಹಾಗೆ ಕತ್ತರಿಸಿದರೂ ಲಿಗಾಯಾ ಎರಡೂ ತುಂಡನ್ನು ಪಕ್ಕಪಕ್ಕ ಇಟ್ಟು ನೋಡಿಯೇ ತಿನ್ನುತ್ತಿದ್ದಳು. ಇದನ್ನು ಅವಳೇ ನನಗೆ ಹೇಳಿದ್ದು, ನಗುತ್ತ.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಲಿಗಾಯಾ, ಹೊಲಿಯುವವಳು ಪುರಿಂಗ್. ಮನೆಯಲ್ಲಿ ಅಡುಗೆ ಲಿಗಾಯಾಳದು. ತಮಗಾಗಿ ಬಟ್ಟೆ ಹೊಲಿದುಕೊಳ್ಳುವಾಗ ಒಬ್ಬಳ ಅಳತೆ ತೆಗೆದರೆ ಸಾಕಾಗಿತ್ತು. ಅದೇ ಅಳತೆಯಲ್ಲಿ ಎರಡು ಕತ್ತರಿಸುತ್ತಿದ್ದಳು. ಇಬ್ಬರೂ ಜೀಪ್ನಿ ಬಸ್ಸು ಹತ್ತಿದರೆ ಡ್ರೈವರ್ ಹಿಂದೆ ತಿರುಗಿ, "ಅಕ್ಕಾ, ಒಬ್ರು ಈ ಕಡೆ ಕೂತ್ಕೊಳಿ, ಒಬ್ರು ಆ ಕಡೆ. ತಕ್ಕಡಿ ಸಮ ಇರ್ಲಿ," ಅನ್ನುತ್ತಿದ್ದ. ಪುರಿಂಗ್ ನಾಚಿಕೊಳ್ಳುತ್ತಿದ್ದಳು. ಲಿಗಾಯಾ ಮಾತ್ರ, "ನಿನ್ನ ಗಾಡಿಗೆ ಇಷ್ಟು ಭಾರದ ಹೆಂಗಸ್ರು ಸಿಕ್ಕಿದ್ದೇ ಪುಣ್ಯ, ಇಲ್ದಿದ್ರೆ ಗಾಳಿಗೆ ಹಾರಿ ಹೋಗ್ತಿತ್ತು," ಎಂದು ತಿರುಗೇಟು ಕೊಡುತ್ತಿದ್ದಳು.

ಶುರುವಾಗಿದ್ದು ಚರ್ಚಿನ ಮೆಟ್ಟಿಲಲ್ಲಿ. ಇಬ್ಬರೂ ಹಾಡುವ ತಂಡದಲ್ಲಿದ್ದರು, ಹಾಡುವವರು ನಿಲ್ಲುವುದು ಮೇಲಿನ ಅಟ್ಟದಲ್ಲಿ. ಒಂದು ಭಾನುವಾರ ಪುರಿಂಗ್ ಅರ್ಧ ಹತ್ತಿ ಅಲ್ಲೇ ಕುಳಿತುಬಿಟ್ಟಳು. ಉಸಿರು ಬರುತ್ತಿಲ್ಲ, ಮಂಡಿ ಎತ್ತಲಾಗುತ್ತಿಲ್ಲ. ಮರುದಿನ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿನ ನರ್ಸ್ ತೂಕ ನೋಡಿ ಬೈಯಲಿಲ್ಲ. "ಎಲ್ಲಾ ಒಂದೇ ಸಲ ಬಿಡೋಕೆ ಹೋಗ್ಬೇಡಿ, ಎರಡು ವಾರಕ್ಕೆ ಸೋತು ವಾಪಸ್ ಬರ್ತೀರ. ತಿಂಗಳಿಗೆ ಒಂದು ಅಭ್ಯಾಸ ಬದಲಾಯಿಸಿ, ಸಾಕು," ಎಂದು ಕಳಿಸಿದಳು.

ಮೊದಲ ತಿಂಗಳು ಹೋದದ್ದು ಮಧ್ಯಾಹ್ನ ಮೂರು ಗಂಟೆಯ ಸಿಹಿ ಸೋಡಾ. ನಮ್ಮ ಸಾಲಿನಲ್ಲಿ ಆ ಹೊತ್ತಿಗೆ ಎಲ್ಲರೂ ಪ್ಲಾಸ್ಟಿಕ್ ಚೀಲದಲ್ಲಿ ಸೋಡಾ, ಅದಕ್ಕೊಂದು ಸ್ಟ್ರಾ, ಕೈಯಲ್ಲಿ ಕಡ್ಡಿಗೆ ಚುಚ್ಚಿ ಸಕ್ಕರೆ ಪಾಕ ಸವರಿದ ಬಾಳೆಹಣ್ಣು ಹಿಡಿದು ಕೂರುತ್ತೇವೆ. ಪುರಿಂಗ್ ನೀರು ಕುಡಿದಳು, ಬರೀ ನೀರು. ಆಮೇಲೆ ಅನ್ನವನ್ನು ತಟ್ಟೆಗೆ ಗುಡ್ಡೆ ಹಾಕಿಕೊಳ್ಳುವುದು ಬಿಟ್ಟು ಒಂದು ಸಣ್ಣ ಬಟ್ಟಲಲ್ಲಿ ಅಳೆದುಕೊಂಡಳು. ಬಟ್ಟಲು ಮುಗಿದರೆ ಊಟ ಮುಗಿಯಿತು. ಅನ್ನಕ್ಕಿಂತ ಮೊದಲು ನುಗ್ಗೆಸೊಪ್ಪಿನ ಸಾರು ಕುಡಿಯತೊಡಗಿದಳು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ತಂದು ನನ್ನ ಅಂಗಡಿಯಲ್ಲಿಟ್ಟು, "ಕೇಳಿದ್ರೂ ಕೊಡ್ಬೇಡ ಕಣೆ," ಅಂದಳು. ಸಂಜೆ ಎರಡು ನಿಲ್ದಾಣ ಮೊದಲೇ ಇಳಿದು ಮನೆಗೆ ನಡೆದಳು.

ಮೊದಮೊದಲು ಲಿಗಾಯಾ ನಕ್ಕಳು. "ಬಟ್ಟಲಲ್ಲಿ ಅನ್ನ ತಿನ್ನೋಕೆ ನೀನೇನು ಬೆಕ್ಕಾ?" ಎಂದು ಕೆಣಕಿದಳು. ನಾಲ್ಕನೆಯ ತಿಂಗಳಿಗೆ ಪುರಿಂಗಳ ದವಡೆಯ ಗೆರೆ ಕಾಣಿಸಿತು. ಆಗ ನಗು ನಿಂತಿತು.

ಆಮೇಲೆ ಆ ಮನೆಯ ಅಡುಗೆಯೇ ಬದಲಾಯಿತು. ಮೊದಲು ವಾರಕ್ಕೆರಡು ದಿನ ಹಾಕುತ್ತಿದ್ದ ತೆಂಗಿನ ಹಾಲು ದಿನಾ ಬಂತು: ಸಿಗಡಿಗೆ, ಕುಂಬಳಕಾಯಿಗೆ, ಹಲಸಿನಕಾಯಿಗೆ. ಹಂದಿಮಾಂಸದಲ್ಲಿ ಕೊಬ್ಬಿನ ಪಾಲೇ ಜಾಸ್ತಿ. ಸಂಜೆ ಬೆಲ್ಲ ತುಂಬಿದ ಬಿಸಿ ಬ್ರೆಡ್ಡು. ಅವಳು ಚುರುಕಾಗಿ ತಂಗಿಯ ತಟ್ಟೆಗೆ ಬಡಿಸುವುದು, ಪುರಿಂಗ್ ಒಂದು ತುಂಡು ತಿಂದು, "ತುಂಬಾ ಚೆನ್ನಾಗಿದೆ ಅಕ್ಕಾ," ಎಂದು ತಟ್ಟೆ ಸರಿಸುವುದು. ಬೈದಿದ್ದರೆ ಲಿಗಾಯಾಳಿಗೆ ಸಮಾಧಾನವಾಗುತ್ತಿತ್ತೇನೋ. ಹೊಗಳಿ ಬಿಡುತ್ತಿದ್ದಳಲ್ಲ, ಅದೇ ಉರಿ. ಉಳಿದದ್ದನ್ನು ಚೆಲ್ಲಲಾಗದೆ ಲಿಗಾಯಾ ತಾನೇ ತಿಂದಳು. ತಂಗಿ ಇಳಿದಷ್ಟೂ ಅಕ್ಕ ಏರಿದಳು.

"ನನ್ನ ಅಡುಗೆ ಅವಳಿಗೆ ವಿಷ ಆಗಿದೆ," ಎಂದು ಒಂದು ದಿನ ಗೋಡೆಯ ಈಚೆ ಬಂದು ನನ್ನ ಹತ್ತಿರ ಹೇಳಿಕೊಂಡಳು. "ಇಷ್ಟು ವರ್ಷ ತಿಂದ ಬಾಯಿ ಈಗ ಎರಡು ತುತ್ತಿಗೆ ಮುಚ್ಚುತ್ತೆ. ಯಾರಿಗೆ ತೋರ್ಸೋಕಂತೆ ಈ ಸೊಂಟ?"

"ಮಂಡಿ ನೋವು ಅಂತ ಹೇಳಿದ್ಲಲ್ಲ," ಅಂದೆ.

"ಮಂಡಿ ನನಗೂ ನೋಯುತ್ತೆ. ನಾನು ಊರೆಲ್ಲಾ ಸಾರ್ಕೊಂಡು ಬಂದ್ನಾ?"

ಆ ವರ್ಷ ಹಾಡುವ ತಂಡಕ್ಕೆ ಹೊಸ ಕುಪ್ಪಸ ಹೊಲಿಯಬೇಕಾಗಿತ್ತು. ಹದಿನಾಲ್ಕು ಹೆಂಗಸರ ಅಳತೆಯನ್ನು ಲಿಗಾಯಾ ಒಬ್ಬೊಬ್ಬರದಾಗಿ ತೆಗೆದಳು. ಕೊನೆಗೆ ಪುರಿಂಗ್ ಎದ್ದು ಬಂದು ಕೈ ಅಗಲಿಸಿ ನಿಂತಳು. ಲಿಗಾಯಾ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡಳು.

"ನಿಂದೇನು ತೆಗೆಯೋದು? ನಂದೇ ನಿಂದು."

"ಅಕ್ಕಾ, ಹದಿನೈದು ಕಿಲೋ ಇಳಿದಿದೀನಿ."

"ಹಬ್ಬ ಬರ್ಲಿ, ಎಲ್ಲಾ ವಾಪಸ್ ಬರುತ್ತೆ," ಎಂದವಳೇ ತನ್ನ ಅಳತೆಗೆ ಎರಡು ಕತ್ತರಿಸಿದಳು. ಕತ್ತರಿಯ ಸದ್ದು ನನ್ನ ಅಂಗಡಿಗೆ ಕೇಳುವಷ್ಟು ಜೋರಾಗಿತ್ತು.

ಪುರಿಂಗ್ ಜಗಳ ಮಾಡಲಿಲ್ಲ. ಕುಪ್ಪಸದ ಎರಡೂ ಪಕ್ಕ ಬಿಚ್ಚಿ, ಒಳಕ್ಕೆ ಹಿಡಿದು, ತನ್ನ ಮೈಗೆ ತಕ್ಕಂತೆ ಹೊಲಿದುಕೊಂಡಳು. ಹೊಲಿಗೆ ಅವಳ ಕೈಯಲ್ಲೇ ಇತ್ತಲ್ಲ. ಭಾನುವಾರ ಅದನ್ನು ತೊಟ್ಟು ಅಟ್ಟದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹೆಂಗಸರು ಸುತ್ತುವರಿದು ಅವಳ ಸೊಂಟ ಮುಟ್ಟಿ ಮುಟ್ಟಿ ನೋಡಿದರು. ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ಶಾಲಾ ಟೀಚರು ನಗುನಗುತ್ತ ಲಿಗಾಯಾಳ ಕಡೆ ಕೈ ತೋರಿಸಿ ಪುರಿಂಗಳನ್ನು ಕೇಳಿದಳು: "ಇವ್ರು ನಿಮ್ಮ ತಾಯಿಯಾ?"

ನಾನು ಪಕ್ಕದಲ್ಲೇ ಇದ್ದೆ. ಲಿಗಾಯಾಳ ಮುಖ ಸುಣ್ಣದಂತಾಯಿತು. ಪುರಿಂಗ್ ಗಾಬರಿಯಾಗಿ, "ಅಲ್ಲ ಅಲ್ಲ, ನನ್ನ ಅವಳಿ," ಅಂದಳು. ಟೀಚರು ಬಾಯಿಗೆ ಕೈ ಅಡ್ಡ ಹಿಡಿದಳು. ಆ ಕೈ ಅಡ್ಡ ಹಿಡಿದದ್ದು ಪ್ರಶ್ನೆಗಿಂತ ಹೆಚ್ಚು ಚುಚ್ಚಿತು ಎಂದು ಲಿಗಾಯಾ ಆಮೇಲೆ ಹೇಳಿದಳು.

ಅದಾದ ಮೂರನೆಯ ದಿನ ಪ್ರಾರ್ಥನಾ ಸಂಘದ ಮುಖ್ಯಸ್ಥೆ ಸೆಪಾ ಅಜ್ಜಿ ಲಂಗ ಸರಿಮಾಡಿಸಲು ಬಂದಳು. ಪುರಿಂಗ್ ಹೊರಗೆ ಹೋಗಿದ್ದಳು. "ನಿನ್ನ ತಂಗಿ ಎಷ್ಟು ಚೆನ್ನಾಗಿ ಇಳಿದಿದಾಳೆ," ಅಂದಳು ಅಜ್ಜಿ. ಲಿಗಾಯಾ ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು.

"ಯಾಕೆ ಮಗಳೇ?"

"ಏನು ಹೇಳ್ಲಿ ಅಜ್ಜಿ. ಅವಳಾಗಿ ಬಾಯಿ ಬಿಡೋದಿಲ್ಲ. ಊಟ ಸೇರೋದಿಲ್ಲ, ಬೆಳಗ್ಗೆ ಎದ್ರೆ ಕೆಮ್ಮು. ನೀವು ಯಾರಿಗೂ ಹೇಳ್ಬೇಡಿ. ಅವಳ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಿ, ಅಷ್ಟೇ."

ಸೆಪಾ ಅಜ್ಜಿಗೆ ಯಾರಿಗೂ ಹೇಳಬೇಡ ಅನ್ನುವುದೂ ಮಾರುಕಟ್ಟೆಯ ಮೈಕಿನಲ್ಲಿ ಕೂಗುವುದೂ ಒಂದೇ. ವಾರದೊಳಗೆ ಪುರಿಂಗಳಿಗೆ ಕ್ಷಯ ಎಂದು ಮೀನಿನ ಸಾಲಿನಲ್ಲಿ ಸುದ್ದಿ, ತರಕಾರಿ ಸಾಲಿನಲ್ಲಿ ಅದು ಕ್ಯಾನ್ಸರ್ ಆಗಿತ್ತು. ಶಾಲೆಯ ಸಮವಸ್ತ್ರ ಕೊಟ್ಟಿದ್ದ ಇಬ್ಬರು ತಾಯಂದಿರು ಹೊಲಿಯದ ಬಟ್ಟೆಯನ್ನೇ ವಾಪಸ್ ಒಯ್ದರು. ಪುರಿಂಗಳಿಗೆ ಏನೂ ಅರ್ಥವಾಗಲಿಲ್ಲ. ನನಗೆ ಗೊತ್ತಿತ್ತು, ಗೋಡೆಯಾಚೆಯಿಂದ ಎಲ್ಲ ಕೇಳಿಸಿತ್ತು. ನಾನು ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು.

ಶನಿವಾರ ಮಧ್ಯಾಹ್ನ ಎಂಟು ಹೆಂಗಸರು ಜಪಮಾಲೆ ಹಿಡಿದು ಅಂಗಡಿಗೇ ಬಂದರು. ಸೆಪಾ ಅಜ್ಜಿಯ ಕೈಯಲ್ಲಿ ಕೋಳಿ ಗಂಜಿಯ ದೊಡ್ಡ ಪಾತ್ರೆ.

ಕುತ್ತಿಗೆಗೆ ಟೇಪು ಹಾಕಿಕೊಂಡು ಪುರಿಂಗ್ ಎದ್ದು ನಿಂತಳು. "ಯಾರಿಗೆ ಪ್ರಾರ್ಥನೆ ಅಜ್ಜಿ?"

"ನಿನಗೇ ಮಗಳೇ. ನೀನಾಗಿ ಬಾಯಿ ಬಿಡೋದಿಲ್ಲ ಅಂತ ಗೊತ್ತು. ಮುಚ್ಚಿಡೋದ್ರಲ್ಲಿ ಏನಿದೆ? ದೇವರಿಗೆ ಎಲ್ಲಾ ಗೊತ್ತು."

"ನನಗೇನಾಗಿದೆ?"

ಎಂಟು ಜನರೂ ಒಟ್ಟಿಗೆ ಲಿಗಾಯಾಳ ಕಡೆ ನೋಡಿದರು. ಲಿಗಾಯಾ ಕತ್ತರಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಪುರಿಂಗ್ ಕುರ್ಚಿಗಳನ್ನು ಎಳೆದು ಸಾಲಾಗಿ ಹಾಕಿದಳು. "ಬಂದಿದೀರಲ್ಲ, ಕೂತ್ಕೊಳಿ, ಪ್ರಾರ್ಥನೆ ಮಾಡೋಣ. ಆದ್ರೆ ಕಾಯಿಲೆ ನನಗಲ್ಲ, ನಮ್ಮಕ್ಕನಿಗೆ. ಯಾವ ಕಾಯಿಲೆ ಅಂತ ಮಾತ್ರ ಕೇಳ್ಬೇಡಿ, ಪಾಪ, ಅವಳಾಗಿ ಬಾಯಿ ಬಿಡೋದಿಲ್ಲ."

ಐದು ಸುತ್ತು ಜಪಮಾಲೆ ಮುಗಿಯುವವರೆಗೆ ಲಿಗಾಯಾ ನಡುವೆ ಕುಳಿತಿರಬೇಕಾಯಿತು. ಸೆಪಾ ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟಿದ್ದಳು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಚೆನ್ನಾಗಿ ಪ್ರಾರ್ಥಿಸಿದವಳು ಪುರಿಂಗ್.

ಆಮೇಲೆ ಹನ್ನೊಂದು ದಿನ ಆ ಅಂಗಡಿಯಲ್ಲಿ ಯಂತ್ರದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮನೆಯಲ್ಲಿ ಪುರಿಂಗ್ ತನ್ನ ಸಾರು, ತನ್ನ ಮೀನು, ತನ್ನ ಒಂದು ಬಟ್ಟಲು ಅನ್ನ ತಾನೇ ಬೇಯಿಸಿಕೊಂಡಳು. ಲಿಗಾಯಾ ಅಭ್ಯಾಸಬಲದಿಂದ ಇಬ್ಬರಿಗೆ ಮಾಡಿ, ಇಬ್ಬರದನ್ನೂ ತಿಂದಳು.

ಹನ್ನೆರಡನೆಯ ದಿನ ಲಿಗಾಯಾ ಅಂಗಡಿಗೆ ಬರಲಿಲ್ಲ. ಪ್ರಾರ್ಥನೆಗೆ ಬಂದಿದ್ದ ಎಂಟು ಜನರ ಮನೆಗೂ ನಡೆದುಕೊಂಡು ಹೋಗಿ, "ನಾನು ಸುಳ್ಳು ಹೇಳಿದ್ದೆ. ಅವಳು ಆರೋಗ್ಯವಾಗಿದಾಳೆ, ನನಗೆ ತಡ್ಕೊಳೋಕಾಗ್ಲಿಲ್ಲ," ಎಂದು ಬಂದಳು. ಬಟ್ಟೆ ವಾಪಸ್ ಒಯ್ದಿದ್ದ ತಾಯಂದಿರ ಮನೆಗೂ ಹೋದಳು. ಒಬ್ಬಳು ಬಟ್ಟೆ ಮತ್ತೆ ಕೊಟ್ಟಳು, ಇನ್ನೊಬ್ಬಳು ಬಾಗಿಲು ಹಾಕಿಕೊಂಡಳು. ಸೆಪಾ ಅಜ್ಜಿ ಮಾತ್ರ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನನ್ನ ಕೋಳಿ ವಾಪಸ್ ಕೊಡು," ಅಂದಳಂತೆ.

ಸಂಜೆ ಊದಿದ ಕಾಲು ಎಳೆದುಕೊಂಡು ಅಂಗಡಿಗೆ ಬಂದು ತಂಗಿಯ ಯಂತ್ರದ ಮುಂದೆ ನಿಂತಳು. ನಾನು ನನ್ನ ಬಾಗಿಲು ಹಾಕುವುದು ಬಿಟ್ಟು ಗೋಡೆಗೆ ಕಿವಿ ಕೊಟ್ಟೆ.

"ಬೈಯೋದಾದ್ರೆ ಬೈ," ಅಂದಳು ಲಿಗಾಯಾ.

"ಯಾಕೆ ಹಾಗೆ ಹೇಳ್ದೆ?"

"ನಿನ್ನನ್ನ ನೋಡಿದ್ರೆ ಮೈಯೆಲ್ಲಾ ಉರಿಯುತ್ತೆ ಕಣೆ. ಒಬ್ಳೇ ಹೋಗ್ಬಿಟ್ಟೆ ನೀನು. ನನ್ನನ್ನೂ ಬಾ ಅಂತ ಒಂದು ಮಾತು ಕರೀಲಿಲ್ಲ."

ಪುರಿಂಗ್ ಯಂತ್ರ ನಿಲ್ಲಿಸಿದಳು. "ಕರೆದ್ರೆ ನೀನು ನನಗಿಂತ ಚೆನ್ನಾಗಿ ಮಾಡಿಬಿಡ್ತೀಯ ಅಂತ ಭಯ ಆಯ್ತು. ಅಡುಗೆ ನಿಂದು, ಕತ್ತರಿ ನಿಂದು, ಜನ ನಗೋ ಹಾಗೆ ಮಾತಾಡೋದೂ ನೀನೇ. ಒಂದಾದ್ರೂ ನಂದೇ ಅಂತ ಇರ್ಲಿ ಅನ್ನಿಸ್ತು."

ಇದನ್ನು ಲಿಗಾಯಾ ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಇಷ್ಟು ವರ್ಷ ಹೊಟ್ಟೆಕಿಚ್ಚು ಒಬ್ಬಳದೇ ಎಂದು ತಿಳಿದಿದ್ದೆವು. ಅಕ್ಕ ಟೇಪು ತೆಗೆದು, "ಏಳು, ಕೈ ಎತ್ತು," ಅಂದದ್ದು ಕೇಳಿಸಿತು. ಎದೆ, ಸೊಂಟ, ತೋಳು ಎಂದು ಅವಳು ಒಂದೊಂದೇ ಸಂಖ್ಯೆಯನ್ನು ಗಟ್ಟಿಯಾಗಿ ಓದಿದಳು. ಪ್ರತಿ ಸಂಖ್ಯೆ ಓದುವಾಗಲೂ ಅವಳ ದನಿ ಕಹಿ ಔಷಧ ನುಂಗಿದವರ ಹಾಗಿತ್ತು.

ಮಾತು ಮತ್ತೆ ಶುರುವಾಯಿತು. ಆದರೆ ಲಿಗಾಯಾ ಬದಲಾಗಿದ್ದಳೆಂದು ತಿಳಿಯಬೇಡಿ. ಮುಂದಿನ ವಾರ ಮೂರು ಗಂಟೆಗೆ ಅವಳು ತನ್ನ ಸೋಡಾ ಚೀಲವನ್ನು ನನ್ನ ಕೈಗಿಟ್ಟಳು. "ಕುಡಿ. ಪುರಿಂಗ್‌ಗೆ ಹೇಳ್ಬೇಡ."

"ಯಾಕೆ, ಗುಟ್ಟೇನು?"

"ಅವಳಿಗಿಂತ ಒಂದೇ ಒಂದು ಕಿಲೋ ಕಮ್ಮಿ ಆಗ್ಬೇಕು. ಆಮೇಲೆ ಸತ್ರೂ ಚಿಂತೆಯಿಲ್ಲ."

ಹೀಗೆ ಹೊಟ್ಟೆಕಿಚ್ಚಿನಿಂದಲೇ ಅವಳ ಪಥ್ಯ ಆರಂಭವಾಯಿತು. ತೆಂಗಿನ ಹಾಲು ಭಾನುವಾರಕ್ಕೆ ಸೀಮಿತವಾಯಿತು. ಬೆಳಗ್ಗೆ ಬೆಳ್ಳುಳ್ಳಿ ಹಾಕಿ ಹುರಿದ ಅನ್ನದ ಬದಲು ಬೇಯಿಸಿದ ಗೆಣಸು, ಒಣಮೀನು ಒಂದೇ. ಬಡಿಸಿಕೊಂಡ ಮೇಲೆ ಪಾತ್ರೆಯನ್ನು ಮೇಜಿನ ಮೇಲಿಡದೆ ಒಳಗೇ ಮುಚ್ಚಿಟ್ಟಳು. ಪುರಿಂಗ್ ಬಡಿಸಿಕೊಂಡದ್ದನ್ನು ಓರೆಗಣ್ಣಲ್ಲಿ ನೋಡಿ, ಅದಕ್ಕಿಂತ ಒಂದು ಚಮಚ ಕಡಿಮೆ ಹಾಕಿಕೊಳ್ಳುತ್ತಿದ್ದಳು. ವರ್ಷದಲ್ಲಿ ಹನ್ನೆರಡು ಕಿಲೋ ಇಳಿದಳು. ತಂಗಿಯ ಪಕ್ಕ ನಿಂತರೆ ಈಗಲೂ ದಪ್ಪ. ಆದರೆ ತಾಯಿಯೆಂದು ಯಾರೂ ಕೇಳಲಾರರು.

ಕಳೆದ ಕ್ರಿಸ್‌ಮಸ್ ಮುಗಿದ ಮೇಲೆ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿ ತೂಕ ನೋಡಿಸಿಕೊಂಡು ಬಂದರು. ಪುರಿಂಗ್ ಯಂತ್ರಕ್ಕೆ ಕುಳಿತ ಮೇಲೆ ಲಿಗಾಯಾ ಮೆಲ್ಲಗೆ ನನ್ನ ಅಂಗಡಿಗೆ ಬಂದಳು. ಕಣ್ಣು ಹೊಳೆಯುತ್ತಿತ್ತು.

"ಮೂರು ಕಿಲೋ ಏರಿದಾಳೆ," ಎಂದು ಪಿಸುಗುಟ್ಟಿದಳು.

"ನೀನು?"

"ನಾನು ಅಷ್ಟೇ ಇದೀನಿ." ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿ ಹಿಡಿದು ನಕ್ಕಳು. ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿ, ಗುಂಡಿಯ ಡಬ್ಬಿಗಳ ಮುಂದಿನ ಸ್ಟೂಲಿನಲ್ಲಿ ಕುಳಿತಳು. "ನನ್ನಂಥ ಅಕ್ಕ ಯಾರಿಗೂ ಬೇಡ ಕಣೆ. ಬರೋ ದಾರೀಲಿ ಅವಳು ಅತ್ತಳು. ನಾನು ಸಮಾಧಾನ ಮಾಡ್ತಾ ಒಳಗೇ ಕುಣೀತಿದ್ದೆ."

ಗೋಡೆಯಾಚೆಯಿಂದ ಪುರಿಂಗ್ ಕೂಗಿದಳು: "ಅಕ್ಕಾ, ಅಲ್ಲೇನು ಹರಟೆ? ಬಂದು ಈ ಲಂಗ ಕತ್ತರಿಸಿಕೊಡು, ಆ ಹುಡುಗಿ ಐದಕ್ಕೆ ಬರ್ತಾಳೆ."

"ಬಂದೆ," ಎಂದು ಲಿಗಾಯಾ ಎದ್ದು ಹೋದಳು.