ನಾರಾಯಣಪೇಟೆಯಲ್ಲಿ ಮುಳುಗಿದ ಹಡಗು

ಹಡಗುಗಳ ರೇಡಿಯೋ ಯಂತ್ರಗಳು ಸರಿಯಾಗಿ ಸಂಕೇತ ಕಳಿಸುತ್ತವೆಯೇ ಎಂದು ಪರೀಕ್ಷಿಸುವುದು ನನ್ನ ಉದ್ಯೋಗ. ಸಮುದ್ರವಿಲ್ಲದ ತೆಲಂಗಾಣದ ಮಕ್ತಲ್‌ನಲ್ಲಿ ಹುಟ್ಟಿದವನಿಗೆ ಸಮುದ್ರದ ಕೆಲಸ ಯಾರು ಕೊಟ್ಟರು ಎಂದು ನಾರಾಯಣಪೇಟೆಯ ನನ್ನ ಸೋದರತ್ತೆ ಈಗಲೂ ಕೇಳುತ್ತಾಳೆ. ಮಗ್ಗದಲ್ಲಿ ಸೀರೆ ನೇಯುವ ಆಕೆಗೆ ಯಾರದಾದರೂ ಕಾಲೆಳೆಯದಿದ್ದರೆ ಉಂಡದ್ದು ಕರಗುವುದಿಲ್ಲ.

ಒಮ್ಮೆ ಹೈದರಾಬಾದಿನಲ್ಲಿ ಇಂಥದೊಂದು ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡು ಅದರ ಹಡಗಿದ್ದ ಮಂಗಳೂರಿಗೆ ಹೊರಟವನು ದಾರಿಯಲ್ಲಿ ಅತ್ತೆಯ ಮನೆಗೆ ಹೋದೆ. ಯಂತ್ರವೆಂದರೆ ತಂಬಿಗೆ ಗಾತ್ರದ, ಹಳದಿ ಬಣ್ಣದ ವಸ್ತು. ಹಡಗು ಮುಳುಗಿದರೆ, ನೀರು ತಾಗಿದೊಡನೆ ತಾನೇ ಚಾಲೂ ಆಗಿ, ಯಾವ ಹಡಗು, ಎಲ್ಲಿದೆ ಎಂಬುದನ್ನು ಉಪಗ್ರಹದ ಮೂಲಕ ಸಮುದ್ರ ರಕ್ಷಣಾ ಕೇಂದ್ರಕ್ಕೆ ತಿಳಿಸುತ್ತದೆ. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿ, ಮುಟ್ಟಬೇಡ ಎಂದೂ ಹೇಳಿ ಊಟಕ್ಕೆ ಕೂತೆ.

ಕೈ ತೊಳೆಯುವ ಹೊತ್ತಿಗೆ ಹಡಗಿನ ಮಾಲೀಕರ ಫೋನು ಬಂತು. ಹಡಗು ನನ್ನ ಕಣ್ಣೆದುರೇ ಬಂದರಿನಲ್ಲಿ ನಿಂತಿದೆ, ಆದರೆ ರಕ್ಷಣಾ ಕೇಂದ್ರದವರು ಅದು ತೆಲಂಗಾಣದಲ್ಲಿ ಮುಳುಗುತ್ತಿದೆ ಅನ್ನುತ್ತಿದ್ದಾರೆ, ಅವರಿಗೆ ನಿಮ್ಮ ನಂಬರ್ ಕೊಟ್ಟಿದ್ದೇನೆ ಎಂದರು. ನಾನು ಹಿತ್ತಲಿಗೆ ಓಡಿದೆ. ಬಕೆಟ್ಟಿನ ನೀರಿನಲ್ಲಿ ನನ್ನ ಯಂತ್ರ ದೀಪ ಮಿಣುಕಿಸುತ್ತ ತೇಲುತ್ತಿತ್ತು. ಪಕ್ಕದಲ್ಲಿ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನೀರು ತಾಕಿದ್ರ ಹೇಳತೈತಿ ಅಂದಿ. ಖರೇನೋ ಸುಳ್ಳೋ ನೋಡಬೇಕಂತ ಅದ್ದಿದೆ," ಎಂದಳು.

ಯಂತ್ರವನ್ನು ಎತ್ತಿ ಆಫ್ ಮಾಡುವಾಗಲೇ ಫೋನು ಮತ್ತೆ ರಿಂಗಾಯಿತು. ನನ್ನ ಕೈ ಒದ್ದೆಯಾಗಿತ್ತು, ಅತ್ತೆಯೇ ಎತ್ತಿಕೊಂಡಳು. ರಕ್ಷಣಾ ಕೇಂದ್ರದ ಅಧಿಕಾರಿ ಹಿಂದಿಯಲ್ಲಿ ಕೇಳಿದರೆ ಆಕೆ ತನ್ನ ದಖನಿ ಉರ್ದುವಿನಲ್ಲಿ ಸಾವಧಾನವಾಗಿ ಉತ್ತರಿಸಿದಳು. ಎಷ್ಟು ಜನ ಇದ್ದೀರಿ ಎಂಬುದಕ್ಕೆ, ಇಬ್ಬರು ಮತ್ತು ಒಂದು ಬೆಕ್ಕು. ಮುಳುಗುವ ಭಯವಿದೆಯೇ ಎಂಬುದಕ್ಕೆ, ನಮಗೆ ನಳದ ನೀರು ದಿನ ಬಿಟ್ಟು ದಿನ ಬರುತ್ತದೆ, ಇವತ್ತು ಸರದಿ ಇಲ್ಲ, ಹಾಗಾಗಿ ಭಯವಿಲ್ಲ.

ನಾನು ಫೋನು ಕಿತ್ತುಕೊಂಡು ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅಧಿಕಾರಿ ಚೆನ್ನಾಗಿ ಬೈದು, ಎಲ್ಲವನ್ನೂ ಬರೆದು ಕಳಿಸಲು ಹೇಳಿದರು. ಕೊನೆಗೆ, ಹಡಗಿನ ಗುರುತು ಸರಿಯಿತ್ತು, ನಿಮ್ಮ ಓಣಿಯವರೆಗೂ ಜಾಗ ಸರಿಯಾಗಿ ತೋರಿಸಿತು ಎಂದರು. ಅವರು ನಗು ತಡೆದುಕೊಂಡಿದ್ದರೆಂದು ನನಗೆ ಅನುಮಾನ.

ಏನಂದರು ಎಂದು ಅತ್ತೆ ಕೇಳಿದಳು. ಸಿಟ್ಟಿದ್ದರೂ, ಸಂಕೇತ ಸರಿಯಾಗಿ ಹೋಗಿದೆಯಂತೆ ಎಂದು ನಿಜ ಹೇಳಿದೆ. ಇಷ್ಟು ವರ್ಷ ನಾನು ಟೆಸ್ಟ್ ಗುಂಡಿ ಒತ್ತಿ ಸಣ್ಣ ದೀಪ ಹತ್ತಿದ್ದನ್ನಷ್ಟೇ ಕಂಡವನು. ಕೂಗು ಆ ತುದಿಗೆ ನಿಜವಾಗಿ ಮುಟ್ಟಿದ್ದನ್ನು ಕೇಳಿದ್ದು ಅದೇ ಮೊದಲು.

"ಹಂಗಾರ ಪಾಸಾತಲ್ಲ. ನಿನ್ನ ಟೆಸ್ಟಿನ ಕಾಗದಕ್ಕ ಸಹಿ ನಾನ ಮಾಡ್ತೀನಿ, ತಗೊಂಡು ಬಾ."

ಒಮ್ಮೆ ಚಾಲೂ ಆದ ಬ್ಯಾಟರಿಯನ್ನು ಬದಲಿಸಲೇಬೇಕು. ಮಂಗಳೂರಿನ ಟಿಕೆಟ್ಟು ಹಾಳಾಯಿತು, ಮತ್ತೆ ಹೈದರಾಬಾದಿಗೇ ಹೋಗಬೇಕಾಯಿತು. ಅದನ್ನು ಕೇಳಿ ಅತ್ತೆ ಒಳಗೆ ಹೋಗಿ ಕಾಗದದಲ್ಲಿ ಸುತ್ತಿದ ಎರಡು ಸೀರೆ ತಂದಳು. ಹೆಂಗೂ ಹೊಂಟೀಯಲ್ಲ, ಇವನ್ನ ಅಲ್ಲಿ ನನ್ನ ಗೆಳತಿ ಮನಿಗೆ ಮುಟ್ಟಿಸು ಎಂದಳು.