ನಾಲ್ಕನೆಯ ಹೊಕ್ಕಳಬಳ್ಳಿ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಕಾಲೇಜಿನಲ್ಲೂ ಯಾರೂ ನಂಬಿಲ್ಲ, ಆದರೆ ಹೇಳಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಒಂದು ಸಲ ಯಂತ್ರಕ್ಕೆ ದೆವ್ವ ಹಿಡಿಸಿದೆ, ಇನ್ನೊಂದು ಸಲ ಅಮಾವಾಸ್ಯೆ ಸೇರಿಸಿದೆ, ಮತ್ತೊಂದು ಸಲ ಹಾರಿದ ಪರಾತ ಪುಣೆಯ ವಿಮಾನ ನಗರದ ರನ್‌ವೇ ಮೇಲೆ ಇಳಿಯಿತು ಎಂದೆ. ಇವತ್ತು ಅದ್ಯಾವುದೂ ಬೇಡ. ನಡುವೆ ಎಲ್ಲಾದರೂ ನಾಲಿಗೆ ಜಾರಿದರೆ ಹೊಟ್ಟೆಗೆ ಹಾಕಿಕೊಳ್ಳಿ, ಹಳೆಯ ಚಟ.

ಬೆಳಿಗ್ಗೆ ಅವ್ವ ಕಟ್ಟಿಗೆಯ ಪರಾತವನ್ನು ತೊಳೆದು ಬಿಸಿಲಿಗೆ ಒರಗಿಸಿದ್ದಳು. ಅವಳು ಜೋಳದ ಹಿಟ್ಟು ನಾದುವುದೂ ರೊಟ್ಟಿ ಬಡಿಯುವುದೂ ಆ ಅಗಲ ತಟ್ಟೆಯಲ್ಲೇ. ಒಣಗಿತೇನೋ ಎಂದು ಎತ್ತಿಕೊಂಡೆ. ಬಿಸಿಲಿಗೆ ಕಾದ ಸಾಗವಾನಿಗೆ ಒಂದು ವಾಸನೆ ಇರುತ್ತದೆ. ಅರ್ಧ ಎಣ್ಣೆ, ಅರ್ಧ ಹೊಸ ಚಪ್ಪಲಿ, ಅದರ ಕೆಳಗೆಲ್ಲೋ ಸುಟ್ಟದ್ದರ ವಾಸನೆ. ಮೂಗಿಗೆ ಬಡಿದದ್ದೇ ತಡ, ವಾಕಡ ಬಡಾವಣೆಯ ನಮ್ಮ ಕಟ್ಟಡದ ಹಿಂದಿದ್ದ ತಗಡಿನ ಶೆಡ್ಡು ಎದುರಿಗೆ ಬಂದು ನಿಂತಿತು... ಶೆಡ್ಡಿನ ಬಾಗಿಲಲ್ಲಿ ಬಡಿಗೇರ ಕಾಕಾ.

ಈ ಪರಾತದ ಅಂಚಿನಲ್ಲಿ ಒಂದು ಕಡೆ ಕಿರುಬೆರಳ ಉಗುರಿನಷ್ಟು ಕಟ್ಟಿಗೆ ಹೊರಗೆ ಚಾಚಿಕೊಂಡಿದೆ. ಅದನ್ನು ಕೊಯ್ಯಬೇಕಾದವಳು ನಾನು. ಎರಡು ವರ್ಷವಾಯಿತು, ಕೊಯ್ದಿಲ್ಲ.

ಕಾಕಾ ಈಗ ಸೊಲ್ಲಾಪುರದಲ್ಲಿ, ಮಗಳ ಮನೆಯಲ್ಲಿ. ಹೋದ ವಾರ ಎದೆಯಲ್ಲಿ ನೀರು ತುಂಬಿತೆಂದು ಆಸ್ಪತ್ರೆಗೆ ಸೇರಿಸಿದ್ದಾರೆ. ಭಾನುವಾರ ಅವ್ವ, ನಾನು ಹೋಗುವುದೆಂದು ನಿಶ್ಚಯವಾಗಿದೆ. ಹಾಸಿಗೆಯ ಪಕ್ಕ ಕೂತು, ಈ ನೋಟ್‌ಬುಕ್ಕಿನಲ್ಲಿ ಬರೆಯುತ್ತಿರುವುದನ್ನು ಅವರಿಗೆ ಓದಿ ಹೇಳಬೇಕು. ಬಾಯಿಮಾತಿನಲ್ಲಿ ಹೇಳಲು ಹೋದರೆ ಮೂರನೆಯ ಮಾತಿಗೇ ಜೋಕು ಮಾಡಿ ಪಾರಾಗುತ್ತೇನೆ, ನನ್ನ ಬಗ್ಗೆ ನನಗೆ ಅಷ್ಟು ನಂಬಿಕೆಯಿದೆ. ಬರೆದದ್ದನ್ನು ಓದುವಾಗ ಓಡಿಹೋಗಲು ದಾರಿ ಇರುವುದಿಲ್ಲ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ತಪ್, ತಪ್, ತಪ್. ಆಫೀಸಿನವರ ಡಬ್ಬಿಗಳಿಗೆ ದಿನಕ್ಕೆ ನೂರರ ಮೇಲೆ ರೊಟ್ಟಿ ಹೋಗುತ್ತವೆ. ಆ ಸದ್ದು ನಿಲ್ಲುವವರೆಗೆ ನನ್ನನ್ನು ಯಾರೂ ಕರೆಯುವುದಿಲ್ಲ.

ಬಡಿಗೇರ ಕಾಕಾ ನಮಗೆ ಸಂಬಂಧಿಕರಲ್ಲ. ಕಲಬುರಗಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷ ಕಿಟಕಿ ಬಾಗಿಲು ಮಾಡಿದವರು. ಅವರ ಮೀಸೆ ಎಷ್ಟು ದಪ್ಪವೆಂದರೆ ಅದರಲ್ಲಿ ಪೆನ್ಸಿಲ್ ಸಿಕ್ಕಿಸಿ ಮರೆತು ಶೆಡ್ಡೆಲ್ಲ ಹುಡುಕುತ್ತಿದ್ದರು. (ಪೆನ್ಸಿಲ್ ಇದ್ದದ್ದು ಕಿವಿಯ ಮೇಲೆ. ಹೇಳಿದೆನಲ್ಲ, ಚಟ.) ನನಗೆ ಹದಿನೈದು ತುಂಬಿದ ವರ್ಷ, ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಹಳೆಯ ಸಿಎನ್‌ಸಿ ಯಂತ್ರವೊಂದನ್ನು ತಂದರು. ಮಂಚದಷ್ಟು ದೊಡ್ಡ ಮೇಜು, ಅದರ ಮೇಲೆ ಹಳಿ, ಹಳಿಯ ಮೇಲೆ ಹಿಂದೆ ಮುಂದೆ ಓಡುವ ಮೋಟಾರು, ಮೋಟಾರಿನ ತುದಿಯಲ್ಲಿ ಬೆರಳುದ್ದದ ಹರಿತವಾದ ಕೊರೆಯುವ ಅಲಗು, ಅದಕ್ಕೆ ಬಿಟ್ಟು ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಗೆರೆ ಎಳೆದುಕೊಟ್ಟರೆ ಬಿಟ್ಟು ಗಿರಗಿರ ತಿರುಗುತ್ತ ಆ ಗೆರೆಯಂತೆ ನಡೆದು ಕಟ್ಟಿಗೆ ಕೊರೆಯುತ್ತದೆ. ಅದನ್ನು ಮಾರಿದವನು ಎಡಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಹೋಗುವಾಗ ತೆಗೆದ. ಎರಡು ಬೆರಳು ಇರಲಿಲ್ಲ. ಇದಕ್ಕೆ ನಾನು ಒಂದಕ್ಷರವನ್ನೂ ಸೇರಿಸಿಲ್ಲ.

ಕಾಕಾ ಆ ಯಂತ್ರವನ್ನು ಮೊದಲ ದಿನದಿಂದಲೂ ನಂಬಲಿಲ್ಲ. "ನನ್ನ ಉಳಿ ಕಟ್ಟಿಗಿ ಮಾತು ಕೇಳತದ. ಇದಕ್ಕ ಕಿವಿ ಇಲ್ಲ, ಬರೇ ಬಾಯಿ ಅದ" ಎನ್ನುತ್ತಿದ್ದರು. ಆದರೆ ಗಿರಾಕಿಗಳು ಜಾಲರಿ ಕೆತ್ತನೆ, ಹೆಸರಿನ ಫಲಕ ಎಂದು ಬೆನ್ನು ಹತ್ತಿದ್ದರು, ಕಂಪ್ಯೂಟರಿನ ತೆರೆ ಕಂಡರೆ ಕಾಕಾನಿಗೆ ಕಣ್ಣಲ್ಲಿ ನೀರು. ಆಗ ನಾನು ಮುಂದೆ ಬಂದೆ. ನನಗೆ ಗೊತ್ತಿದ್ದದ್ದು ಎಂಟು ವಿಡಿಯೋದಷ್ಟು, ಮಾತಾಡಿದ್ದು ಎಂಬತ್ತು ವಿಡಿಯೋದಷ್ಟು. ಕಾಕಾ ನನಗೆ ಶಾಣೇಕಿ, ಅಂದರೆ ಜಾಣೆ, ಎಂದು ಹೆಸರಿಟ್ಟರು. ಹೊಗಳಿಕೆ ಎಂದೇ ಬಹಳ ದಿನ ತಿಳಿದಿದ್ದೆ.

ಮೊದಲು ಕಲಿಸಿದ್ದು ಪಾಕೆಟ್ ಮತ್ತು ಪ್ರೊಫೈಲ್. ಗೆರೆಯ ಒಳಗಿನ ಜಾಗವನ್ನೆಲ್ಲ ಇಷ್ಟು ಆಳ ಎಂದು ಕೆರೆದು ತಗ್ಗು ಮಾಡುವುದು ಪಾಕೆಟ್. ಗೆರೆಯ ಗುಂಟ ಮಾತ್ರ ನಡೆದು ಆಕಾರವನ್ನು ಕತ್ತರಿಸಿ ಬಿಡಿಸುವುದು ಪ್ರೊಫೈಲ್. ನಾನು ಇದನ್ನು ಇಂಗ್ಲಿಷಿನಲ್ಲಿ, ಕೈ ಆಡಿಸುತ್ತ, ಒಂದು ತಾಸು ವಿವರಿಸಿದೆ. ಕಾಕಾ ತಂಬಾಕು ತಿಕ್ಕುತ್ತ ಕೇಳಿ, "ಅಂದ್ರ ನಿಮ್ಮವ್ವ ಹಿಟ್ಟಿನ್ಯಾಗ ತೆಗ್ಗ ಮಾಡಿ ಬಿಸಿನೀರ ಹಾಕತಾಳಲ, ಅದು ಪಾಕೆಟ್. ಗುಡಿ ಸುತ್ತ ಪ್ರದಕ್ಷಿಣಿ ಹಾಕೂದು ಪ್ರೊಫೈಲ್. ಇಷ್ಟ ಹೌದಿಲ್ಲೋ?" ಎಂದರು. ಇಷ್ಟೇ ಆಗಿತ್ತು.

ಪ್ರದಕ್ಷಿಣೆಯನ್ನು ಎಲ್ಲಿ ಹಾಕಬೇಕು ಎಂಬಲ್ಲಿ ಎಡವಿದವಳು ನಾನೇ. ಬಿಟ್ಟಿಗೂ ಒಂದು ದಪ್ಪ ಇರುತ್ತದೆ. ಅದು ಗೆರೆಯ ಹೊರಗೆ ನಡೆದರೆ ಒಳಗಿನದು ಅಳತೆಗೆ ಸರಿಯಾಗಿ ಉಳಿಯುತ್ತದೆ, ಒಳಗೆ ನಡೆದರೆ ಹೊರಗಿನದು. ಗಡಿಯಾರ ಕೂರಿಸಲು ಫಲಕದಲ್ಲಿ ಒಂದು ತೂತು ಬೇಕಿತ್ತು. ಒಳಗೆ ನಡೆಸಬೇಕಾದ ಬಿಟ್ಟನ್ನು ಹೊರಗೆ ನಡೆಸಿದೆ. ತೂತು ಬೆಳೆಯಿತು. ಗಿರಾಕಿಯ ಮನೆಯಲ್ಲಿ ಗಡಿಯಾರವನ್ನು ಕೂರಿಸಿದರೆ ಅದು ನೇರವಾಗಿ ಆ ಕಡೆಯಿಂದ ಹೊರಬಿದ್ದು ಅವರ ಮಾವನವರ ಊಟದ ತಟ್ಟೆಗೆ ಇಳಿಯಿತು. (ತಟ್ಟೆಯ ಪಕ್ಕಕ್ಕೆ.) ಕಾಕಾ ಬೈಯಲಿಲ್ಲ. "ತಪ್ಪು ಕಟ್ಟಿಗೀಗೆ ಆದ್ರ ಇನ್ನೊಂದ್ ಕಟ್ಟಿಗಿ ಸಿಗತದ, ಶಾಣೇಕಿ" ಎಂದರು. ಆಗ ಆ ಮಾತಿನ ಅರ್ಧ ಮಾತ್ರ ಕೇಳಿಸಿತ್ತು...

ಒಂದು ವಿಷಯದಲ್ಲಿ ಮಾತ್ರ ಅವರು ಕಲ್ಲು. ಹಲಗೆಯನ್ನು ಮೇಜಿಗೆ ನಾಲ್ಕು ಮೂಲೆಯಲ್ಲಿ ಬಿಗಿದಿರುತ್ತಾರೆ. ಪ್ರೊಫೈಲ್ ಪೂರ್ತಿ ಆಳಕ್ಕೆ ಇಳಿದು ಒಂದು ಸುತ್ತು ಮುಗಿಸಿದರೆ ನಡುವಿನ ತುಂಡಿಗೆ ಹಿಡಿತವೇ ಇಲ್ಲ, ಅದರ ಪಕ್ಕದಲ್ಲೇ ಬಿಟ್ಟು ಇನ್ನೂ ತಿರುಗುತ್ತಿರುತ್ತದೆ. ಅದಕ್ಕೇ ಸುತ್ತಲೂ ನಾಲ್ಕು ಕಡೆ ಚೂರು ಕಟ್ಟಿಗೆಯನ್ನು ಕತ್ತರಿಸದೆ ಬಿಡುವುದು. ವಿಡಿಯೋಗಳಲ್ಲಿ ಅದಕ್ಕೆ ಟ್ಯಾಬ್ ಎನ್ನುತ್ತಾರೆ. ಕಾಕಾ ಹೊಕ್ಕಳಬಳ್ಳಿ ಎನ್ನುತ್ತಿದ್ದರು. ಯಂತ್ರ ನಿಂತ ಮೇಲೆ ಉಳಿಯನ್ನು ಹಣೆಗೆ ಒತ್ತಿಕೊಂಡು, ಒಂದೊಂದನ್ನೇ ಕೊಯ್ದು, ತುಂಡನ್ನು ಎರಡೂ ಕೈಯಿಂದ ಕೂಸಿನ ಹಾಗೆ ಎತ್ತುತ್ತಿದ್ದರು. "ಕಡೀ ಕೊಯ್ತ ಮನಷ್ಯಾಂದ ಇರಬೇಕು. ಅದನ್ನೂ ಮಷಿನ್ನಿಗೆ ಬಿಟ್ರ ಅದು ನಮ್ಮನ್ನ ಕೇಳೂದ ಬಿಡತದ."

ತೆರೆಯ ಮೇಲೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಅದಕ್ಕೆ ಪ್ರತಿ ಸಲ ಹಸಿರು ಗುಂಡಿ ಒತ್ತುವ ಮೊದಲು ಕೇಳುತ್ತಿದ್ದರು: "ನಾಕೂ ಅದಾವೇನು?"

"ಅದಾವ್ರಿ ಕಾಕಾ."

ಅಷ್ಟೇ. ನನ್ನ ಬಾಯಿಮಾತಿನ ಮೇಲೆ ಆ ಯಂತ್ರ ಓಡುತ್ತಿತ್ತು.

ಅವ್ವನ ಹಳೆಯ ಪರಾತ ಸೀಳಿದಾಗ ಕಾಕಾ ತಾವಾಗಿಯೇ ಹೊಸದು ಮಾಡಿಕೊಡುತ್ತೇನೆಂದರು. ಮಾಳಿಗೆಯಲ್ಲಿ ವರ್ಷಗಟ್ಟಲೆ ಎತ್ತಿಟ್ಟಿದ್ದ ಅಗಲವಾದ ಸಾಗವಾನಿ ಹಲಗೆಗಳನ್ನು ಇಳಿಸಿದರು. ಎರಡೇ ಇದ್ದವು. ಒಳಗಿನ ತಗ್ಗಿಗೆ ಪಾಕೆಟ್, ಹೊರಗಿನ ದುಂಡಿಗೆ ಪ್ರೊಫೈಲ್. ನಾನು ಕಲಿತದ್ದೆಲ್ಲ ಒಂದೇ ಕೆಲಸದಲ್ಲಿ. ಇದನ್ನು ಫೋನಿನಲ್ಲಿ ಹಿಡಿದು ರೀಲ್ ಮಾಡಿ ಕ್ಲಾಸಿನವರ ಬಾಯಿ ಮುಚ್ಚಿಸಬೇಕು ಎಂದುಕೊಂಡೆ. ಆದರೆ ಟ್ಯಾಬ್ ಇದ್ದರೆ ರೀಲ್ ಕೆಡುತ್ತದೆ. ಯಂತ್ರ ನಿಂತು, ಮುದುಕರೊಬ್ಬರು ಬಂದು ಕೊರೆಯುತ್ತ ಕೂರುತ್ತಾರೆ. ನನಗೆ ಬೇಕಿದ್ದದ್ದು ಕೊನೆಯ ಸುತ್ತು ಮುಗಿದ ಕ್ಷಣ ಹಲಗೆಯಿಂದ ಹುಣ್ಣಿಮೆ ಚಂದ್ರನ ಹಾಗೆ ಬಿಡಿಸಿಕೊಂಡು ಬರುವ ಪರಾತ.

ತೆರೆಯ ಮೇಲೆ ಟ್ಯಾಬ್ ಎಂಬುದರ ಮುಂದೆ ಒಂದು ಸಣ್ಣ ಚೌಕ. ಅದರಲ್ಲಿ ಒಂದು ಸರಿ ಗುರುತು. ತೆಗೆದೆ.

ಅಮಾವಾಸ್ಯೆಯಲ್ಲ, ಮಂಗಳವಾರ ಮಧ್ಯಾಹ್ನ. ಕಾಕಾ ಗುಂಡಿಯ ಮೇಲೆ ಬೆರಳಿಟ್ಟು ಕೇಳಿದರು: "ನಾಕೂ ಅದಾವೇನು?"

"ಅದಾವ್ರಿ ಕಾಕಾ."

ಬೆರಳು ಹಾಗೇ ಇತ್ತು. ಯಾವತ್ತೂ ಎರಡನೆಯ ಸಲ ಕೇಳಿದವರಲ್ಲ. ಅಂದು ಕೇಳಿದರು. "ಖರೇ?"

"ಖರೇರಿ! ನಿಮಗ ಬರೇ ಸಂಶೇನ ಆತು" ಎಂದು ನಕ್ಕೆ.

ಪಾಕೆಟ್ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಹಿಟ್ಟಿನಂಥ ಧೂಳು ನಮ್ಮಿಬ್ಬರನ್ನೂ ಬೆಳ್ಳಗೆ ಮಾಡಿತ್ತು. ಆಮೇಲೆ ಪ್ರೊಫೈಲ್. ಬಿಟ್ಟು ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಿತ್ತು. ನಾನು ಫೋನು ಹಿಡಿದು ಮೇಜಿನ ಮಟ್ಟಕ್ಕೆ ಬಗ್ಗಿದ್ದೆ, ಮುಖ ಹಲಗೆಯಿಂದ ಒಂದು ಮೊಳ ದೂರವೂ ಇರಲಿಲ್ಲ. ಕಾಕಾ ನನ್ನ ಹಿಂದೆ ಎಂದಿನಂತೆ ಕಣ್ಣು ಮುಚ್ಚಿ ಸದ್ದು ಕೇಳುತ್ತ ನಿಂತಿದ್ದರು. ಟ್ಯಾಬ್ ಇದ್ದಲ್ಲಿ ಬಿಟ್ಟು ಚೂರು ಮೇಲೆದ್ದು ಇಳಿಯುತ್ತದೆ, ಆಗ ಸದ್ದು ಒಂದು ಉಸಿರು ಬದಲಾಗುತ್ತದೆ. ಕೊನೆಯ ಸುತ್ತಿನಲ್ಲಿ ನಾಲ್ಕು ಸಲ. ಅಂದು ಅದು ಎಲ್ಲೂ ಬದಲಾಗಲಿಲ್ಲ. ಕಾಕಾನ ದವಡೆ ತಂಬಾಕು ಅಗಿಯುವುದನ್ನು ನಿಲ್ಲಿಸಿತು. ಅದು ನನಗೆ ಗೊತ್ತು, ಏಕೆಂದರೆ ಹಿಂದಿನಿಂದ ಬರುತ್ತಿದ್ದ ಆ ಚಪ್ಪರಿಕೆ ನಿಂತಿತು...

ಬಲಗೈಯಿಂದ ನನ್ನ ತಲೆಯನ್ನು ಕೆಳಗೆ ಅದುಮಿದರು. ತಿರುಗುತ್ತಿದ್ದ ಬಿಟ್ಟು ಬಿಡಿಸಿಕೊಂಡ ಪರಾತವನ್ನು ಕಚ್ಚಿ ಎಸೆಯಿತು. ನನ್ನ ಮುಖ ಇದ್ದ ಜಾಗದಲ್ಲಿ ಕಾಕಾನ ಮಣಿಕಟ್ಟು ಇತ್ತು, ಏಟು ಅದಕ್ಕೆ ಬಿತ್ತು. ಮುರಿದ ಬಿಟ್ಟು ಹಿಂದಿನ ತಗಡನ್ನು ತೂತು ಮಾಡಿ ಹೋಯಿತು. ಆ ತೂತಿನಿಂದ ಒಂದು ಬಿಸಿಲುಕೋಲು ಒಳಗೆ ಬಂದು ಧೂಳಿನಲ್ಲಿ ನಿಂತದ್ದು ನೆನಪಿದೆ. ಕಾಕಾ ಎಡಮೊಣಕೈಯಿಂದ ಕೆಂಪು ಗುಂಡಿ ಒತ್ತಿದರು. ಎರಡಾಗಿ ಬಿದ್ದಿದ್ದ ಪರಾತದ ಅಂಚಿನ ಮೇಲೆ ಎಡಗೈ ಹೆಬ್ಬೆರಳನ್ನು ನಿಧಾನವಾಗಿ ಆಡಿಸಿದರು. ನುಣ್ಣಗಿತ್ತು. ಎಲ್ಲೂ ಒಂದು ಗುಬುಟು ಕೂಡ ಇರಲಿಲ್ಲ. ನನ್ನ ಕಡೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಅವ್ವ ಗಾಬರಿಯಾಗಿ, "ಹೆಂಗಾತೋ ಅಣ್ಣಾ?" ಎಂದು ಕೇಳಿದಳು.

"ನಂದ ತಪ್ಪ ತಂಗಿ. ಹಲಗಿ ಸಡ್ಲ ಬಿಗದಿದ್ದೆ" ಎಂದರು.

ನಾನು ಅಲ್ಲೇ ಇದ್ದೆ. ಪರೀಕ್ಷೆಯ ಕೋಣೆಯಲ್ಲೂ ಮುಚ್ಚದ ಬಾಯಿ ನನ್ನದು. ಅಂದು ಮುಚ್ಚಿತ್ತು.

ಮೂರು ತಿಂಗಳ ಮೇಲೆ ಪಟ್ಟಿ ಬಿಚ್ಚಿದರು. ಬಲಗೈಯ ಬೆರಳು ಮಡಚುತ್ತಿರಲಿಲ್ಲ, ಉಳಿ ನಿಲ್ಲುತ್ತಿರಲಿಲ್ಲ. ಒಂದು ದಿನ ಕಟ್ಟಡದ ಕೆಳಗೆ ನಿಂತು ಕೂಗಿದರು: "ಏ ಶಾಣೇಕಿ, ಬಾ ಕೆಳಗ. ನಿಮ್ಮವ್ವಗ ಪರಾತ ಮಾಡೂದು ಉಳದದ." ಎರಡನೆಯ ಹಲಗೆ ಮೇಜಿನ ಮೇಲಿತ್ತು. ನಾನು ಎಲ್ಲ ಸಿದ್ಧ ಮಾಡಿದೆ. ಅವರು ಗುಂಡಿಯ ಹತ್ತಿರ ಬಂದು, "ನಾಕೂ ಅದಾವೇನು?" ಎಂದರು.

ನಾನು ತೆರೆಯನ್ನು ಅವರ ಕಡೆ ತಿರುಗಿಸಿದೆ. ಆಗ ಕಾಕಾ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೊಟ್ಟಮೊದಲ ಬಾರಿಗೆ ತೆರೆಯ ಮುಂದೆ ಬಗ್ಗಿದರು. ನೀರು ಸುರಿಯುವ ಕಣ್ಣಿನಿಂದ, ಎಡಗೈ ಬೆರಳಿಟ್ಟು ಎಣಿಸಿದರು. ಒಂದು. ಎರಡು. ಮೂರು. ನಾಕು.

ಯಂತ್ರ ನಿಂತ ಮೇಲೆ ಮೂರನ್ನು ಎಡಗೈಯಿಂದಲೇ ಕೊಯ್ದರು. ಅಂಕುಡೊಂಕಾಗಿ, ಬಹಳ ಹೊತ್ತು ಹಿಡಿದು. ನಾಲ್ಕನೆಯದರ ಆಚೆ ಗರಗಸ ಹಾಕಿ ಹೊರಗಿನ ಹಲಗೆಯನ್ನು ಬಿಡಿಸಿ, ಪರಾತವನ್ನೂ ಉಳಿಯನ್ನೂ ನನ್ನ ಕೈಗೆ ಕೊಟ್ಟರು. "ಇದ ನಿಂದು. ಏನರ ಹೇಳೂದು ಇದ್ದ ದಿನ ತಗೊಂಡ ಬಾ, ಇಬ್ರೂ ಕೂಡಿ ಕೊಯ್ಯೂಣು."

ಮುಂದಿನ ತಿಂಗಳು ಯಂತ್ರವನ್ನು ಯಾರೋ ಲಾರಿಯಲ್ಲಿ ಹೇರಿಕೊಂಡು ಹೋದರು. ಕೊಂಡವನ ಹತ್ತೂ ಬೆರಳನ್ನು ನಾನು ಎಣಿಸಿದೆ. ಕಾಕಾ ಸೊಲ್ಲಾಪುರಕ್ಕೆ ಹೋದರು. ಶೆಡ್ಡಿದ್ದಲ್ಲಿ ಈಗ ಬೈಕು ತೊಳೆಯುತ್ತಾರೆ. ತೂತು ಬಿದ್ದ ಆ ತಗಡು ಅವರ ಬೇಲಿಯಾಗಿದೆ, ಮಧ್ಯಾಹ್ನ ಇವತ್ತಿಗೂ ಅದರಿಂದ ಬಿಸಿಲು ತೂರಿ ಬರುತ್ತದೆ. ನಾನು ಆ ಕಡೆಯಿಂದ ನಡೆಯುವುದಿಲ್ಲ.

ಕಾಕಾ, ಹೇಳುವುದು ಇದೆ. ಉಳಿಯನ್ನು ಚೀಲದಲ್ಲಿ ಇಟ್ಟಿದ್ದೇನೆ. ಭಾನುವಾರ ಪರಾತವನ್ನೂ ತರುತ್ತೇನೆ. ಅಂದು ನಾಲ್ಕೂ ಇರಲಿಲ್ಲ ಕಾಕಾ, ಒಂದೂ ಇರಲಿಲ್ಲ. ನಾನೇ...

ರೊಟ್ಟಿ ಬಡಿಯುವ ಸದ್ದು ನಿಂತಿದೆ.

ಇಷ್ಟು ಬೇಗ ನಿಲ್ಲುವುದಿಲ್ಲ. ಇನ್ನೂ ಅರ್ಧದಷ್ಟು ರೊಟ್ಟಿಯೂ ಆಗಿರಲಿಕ್ಕಿಲ್ಲ. ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಮೊಣಕೈವರೆಗೆ ಹಿಟ್ಟು, ಎರಡು ಬೆರಳ ತುದಿಯಲ್ಲಿ ಫೋನು.

"ಏನ ಬರಿಯಾಕತ್ತಿ?"

"ಭಾನುವಾರ ಕಾಕಾಗ ಓದಿ ಹೇಳಾಕ..."

"ಭಾನುವಾರ ಬ್ಯಾಡವ್ವ. ಈಗ ಹೊಂಡೂಣು. ಅವರ ಮಗಳ ಫೋನ್ ಬಂದಿತ್ತು. ಕಾಕಾ ಹೋದ್ರಂತ. ಸಂಜೀಕ ಮಣ್ಣ ಕೊಡತಾರಂತ." ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಏಳು. ಅದನ್ನ ಮುಚ್ಚು."

ಅವಳ ಹಿಂದೆ ಒಲೆಯ ಮುಂದೆ ಪರಾತ ಕಾಣುತ್ತಿದೆ. ಬಡಿಯುತ್ತಿದ್ದ ರೊಟ್ಟಿ ಅದರಲ್ಲಿ ಹಾಗೇ ಇದೆ. ಅಂಚಿನಲ್ಲಿ ನಾಲ್ಕನೆಯದೂ ಹಾಗೇ ಇದೆ. ಅವ್ವ ಇನ್ನೊಮ್ಮೆ ಹೇಳುತ್ತಿದ್ದಾಳೆ, ಮುಚ್ಚು.