ನದಿ ಬಿಟ್ಟುಹೋದ ಬಾವಿ

ಗಂಡ ಸತ್ತ ವರ್ಷವೇ ಮರಳುಗಾಡಿನ ಹಿಲ್ಮಂದ್ ನದಿ ಪಾತ್ರ ಬದಲಿಸಿ ಎರಡು ಹರದಾರಿ ಪಡುವಣಕ್ಕೆ ಸರಿಯಿತು. ಊರಿಗೆ ಊರೇ ಅದರ ಬೆನ್ನು ಹತ್ತಿ ಗಡಿಯಾಚೆ ಹೋಯಿತು. ಉಳಿದವಳು ಜರ್‌ಖಾತೂನ್ ಒಬ್ಬಳೇ. ಗಂಡ ಒಬ್ಬನೇ ಅಗೆದ ಬಾವಿ ಅಲ್ಲಿತ್ತು, ಪಕ್ಕದಲ್ಲೇ ಅವನ ಗೋರಿ. ನಾಲ್ಕು ಆಡು ಕಟ್ಟಿಕೊಂಡು ಹನ್ನೊಂದು ವರ್ಷ ಕಳೆದಳು. ಒಂಟಿತನ ಒಗ್ಗಿಹೋಗಿದೆ ಎಂದುಕೊಂಡಿದ್ದಳು. ಎಲ್ಲ ಸುಳ್ಳು, ದೂರದಲ್ಲಿ ಒಂಟೆಯ ಗಂಟೆ ಕೇಳಿದ್ದೇ ತಡ, ಚಹಾಕ್ಕೆ ನೀರಿಟ್ಟಿದ್ದಳು.

ಬಂದವನು ಗಡಿಯ ನಕ್ಷೆ ಬರೆಯುವ ಮಿರ್ಜಾ ತಾಹೇರ್. ಮೂರು ಕಾಲಿನ ಹಲಗೆ ನಿಲ್ಲಿಸಿ, ದಿಬ್ಬಗಳ ಎತ್ತರ ಅಳೆದು, ಚಹಾ ಕುಡಿದು, ಕೊನೆಗೆ ಕೇಳಿದ:

"ಈ ಬಾವಿಗೆ ಏನಂತಾರಮ್ಮ?"

"ಅಗೆದೋರ ಹೆಸರೇ ಇದಕ್ಕೂ."

"ಯಾರು ಅಗೆದೋರು?"

"ನಮ್ಮನೆಯೋರು."

"ಸರಿ, ಅವರ ಹೆಸರು?"

ಅವಳು ಮುಸುಕನ್ನು ಬಾಯಿಗೆ ಅಡ್ಡ ಹಿಡಿದಳು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ತೀರುತ್ತದೆ ಎಂದು ತಾಯಿ ಹೇಳಿ ಕಳಿಸಿದ್ದಳು. ಉಳಿದ ಹೆಂಗಸರು 'ಇಂಥವನ ಅಪ್ಪ' ಎಂದು ಮಗನ ಹೆಸರು ಹಿಡಿದು ಪಾರಾಗುತ್ತಾರೆ. ಇವಳಿಗೆ ಮಕ್ಕಳೇ ಆಗಿರಲಿಲ್ಲ. ಈ ಪದ್ಧತಿ ಮಿರ್ಜಾನಿಗೂ ಗೊತ್ತಿತ್ತು.

"ನಾನೇ ಹೇಳ್ತೀನಿ, ನೀನು ತಲೆಯಾಡ್ಸು ಸಾಕು. ಕರೀಂದಾದ?"

"ಅಲ್ಲ."

"ಮುರಾದ? ಶಂಬೆ?"

"ಅಯ್ಯೋ, ಶಂಬೆ ನನ್ನ ಮೈದುನ! ಆ ಸೋಮಾರಿ ಒಂದು ಬುಟ್ಟಿ ಮಣ್ಣೂ ಎತ್ತಲಿಲ್ಲ."

ಇಬ್ಬರೂ ನಕ್ಕರು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ. ಇನ್ನೂ ಹತ್ತು ಹೆಸರು ಹೇಳಿ ಮಿರ್ಜಾ ಕೈಚೆಲ್ಲಿದ.

"ಹೊತ್ತಾಯ್ತಮ್ಮ. ಬರೀ 'ಬಾವಿ' ಅಂತ ಬರ್ಕೊಳ್ತೀನಿ. ಸತ್ತೋರಿಗೆ ಇನ್ನೇನು ಆಯುಸ್ಸು ತೀರೋದಿದೆ?"

ಮಾತು ನಾಟಿತು. ನಾಳೆ ತಾನೂ ಕಣ್ಣು ಮುಚ್ಚಿದರೆ ಅವನ ಹೆಸರು ಹೇಳಲು ಈ ಮರಳಿನಲ್ಲಿ ಯಾರಿದ್ದಾರೆ? ಮಿರ್ಜಾ ಹಲಗೆ ಮಡಚುವಷ್ಟರಲ್ಲಿ ಅವಳು ಗೋರಿಗೆ ಬೆನ್ನು ಮಾಡಿ ನಿಂತು, ನೆಲ ನೋಡುತ್ತ ಹೇಳಿದಳು:

"ಹಮ್ಮಲ್."

ಮದುವೆಯಾದಾಗಿನಿಂದ ಇದೇ ಮೊದಲು. ತನ್ನ ದನಿಯಲ್ಲಿ ಆ ಹೆಸರು ಹೇಗೆ ಕೇಳುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಮಿರ್ಜಾ ಬರೆದುಕೊಂಡ. ಅವಳಿಗೆ ಓದಲು ಬಾರದಿದ್ದರೂ ಬೆರಳಿಟ್ಟು ತೋರಿಸಿದ. ಆಮೇಲೆ ಒಂಟೆಯೇರಿ ಹೊರಟುಹೋದ.

ಜರ್‌ಖಾತೂನ್ ಬಾವಿಕಟ್ಟೆಯ ಮೇಲೆ ಕೂತು, ಹೆಣ ಎತ್ತಿದ ದಿನ ಬಾರದಿದ್ದ ಅಳುವನ್ನೆಲ್ಲ ಅತ್ತಳು. ಹೆಸರು ಹೇಳಿ ತಾನೇ ಕೈಯಾರೆ ಗಂಡನನ್ನು ಕಳಿಸಿಕೊಟ್ಟಂತಾಗಿತ್ತು. ಕೊನೆಗೆ ಎದ್ದು ಒಲೆ ಹೊತ್ತಿಸಿದಳು. ಹನ್ನೊಂದು ವರ್ಷ ದಿನವೂ ಇಬ್ಬರಿಗೆ ರೊಟ್ಟಿ ತಟ್ಟುತ್ತಿದ್ದವಳು ಅಂದು ಒಬ್ಬಳಿಗಷ್ಟೇ ತಟ್ಟಿದಳು.